ಅಣ್ಣಾವ್ರ ಮುಖದ ಮೇಲಿನ ಮರಳು

ಕೊಳ್ಳೇಗಾಲದಲ್ಲಿ ಹತ್ತಿದ ಬಸ್ಸು ಹನೂರು ದಾಟಿ, ಮಲೆ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಏದುಸಿರು ಬಿಟ್ಟು, ಪಾಲಾರ್ ಕಡೆಗೆ ಇಳಿಯುವ ಹೊತ್ತಿಗೆ ಮಾತೆಲ್ಲ ಮುಗಿದಿರುತ್ತದೆ. ಅರ್ಧ ಬಸ್ಸು ತೂಕಡಿಸುತ್ತದೆ, ಇನ್ನರ್ಧ ಮೊಬೈಲು ನೋಡುತ್ತದೆ. ಗೋಪಿನಾಥಂ ಕಡೆಯ ಕಾಡುದಾರಿ ಸಿಗುತ್ತಿದ್ದಂತೆ ಸಿಗ್ನಲ್ಲಿನ ಗೀಟುಗಳು ಒಂದೊಂದಾಗಿ ಉದುರುತ್ತವೆ. ಕಿಟಕಿ ಪಕ್ಕದ ಹುಡುಗನ ಪರದೆಯಲ್ಲಿ ‘ಗಂಧದ ಗುಡಿ’ ಓಡುತ್ತಿದೆ. 1973ರ ಚಿತ್ರ, ಅರಣ್ಯಾಧಿಕಾರಿಯಾಗಿ ರಾಜ್‌ಕುಮಾರ್. ಸಿಗ್ನಲ್ ಇದ್ದಾಗ ಅಷ್ಟಿಷ್ಟು ಬಿಡಿಯಾಗಿ ಕಾಣುತ್ತಿದ್ದ ಎಲೆಗಳು ಈಗ ಒಂದಕ್ಕೊಂದು ಮೆತ್ತಿಕೊಂಡಿವೆ. ಅಣ್ಣಾವ್ರ ಕೆನ್ನೆಯ ಮೇಲೆ ಒಂದು ಗೆರೆಯೂ ಇಲ್ಲ. ಮರದ ನೆರಳಿನಲ್ಲಿ ಚೌಕ ಚೌಕ ತುಂಡುಗಳು ಕದಲುತ್ತಿವೆ. ‘ಹಳೇ ಪಿಚ್ಚರ್ ಕಣ, ಅಂಗೇ ಇರದು’ ಎಂದು ಹಿಂದಿನ ಸೀಟಿನಿಂದ ತೀರ್ಪು ಬರುತ್ತದೆ.

ಹಳೇ ಪಿಚ್ಚರ್ ಹಾಗಿರಲಿಲ್ಲ. ಟಾಕೀಸಿನ ಪರದೆಯ ಮೇಲೆ ಅದು ಎಂದೂ ಇಷ್ಟು ನುಣುಪಾಗಿ ಕಂಡದ್ದಿಲ್ಲ. ಮುಂದಿನ ಬೆಂಚಿನಲ್ಲಿ ಕೂತು ಸಿನಿಮಾ ನೋಡಿದವರಿಗೆ ನೆನಪಿರಬಹುದು: ಆಕಾಶ, ಗೋಡೆ, ನಾಯಕನ ಹಣೆ ಎಲ್ಲದರ ಮೇಲೂ ನುಣ್ಣನೆಯ ಮರಳಿನಂಥದ್ದೊಂದು ಸದಾ ಸರಿದಾಡುತ್ತಿತ್ತು. ಕ್ಯಾಮೆರಾದವರು ಅದನ್ನು ಗ್ರೇನ್ ಎನ್ನುತ್ತಾರೆ. ಫಿಲಂನಿಂದ ಫೋನಿಗೆ ಬರುವ ದಾರಿಯಲ್ಲಿ ಮೊದಲು ಕಳೆದುಹೋಗುವುದು ಅದೇ.

ಬಸ್ಸಿನ ಈ ಕಾಡುದಾರಿಗೂ ರಾಜ್‌ಕುಮಾರ್‌ಗೂ ಇರುವ ನಂಟನ್ನು ಹೊಸದಾಗಿ ಹೇಳಬೇಕಿಲ್ಲ. ಗಡಿಯಾಚೆ ತಾಳವಾಡಿ ಬಳಿಯ ಗಾಜನೂರಿನಿಂದ 2000ದ ಜುಲೈ 30ರಂದು ಅವರನ್ನು ಅಪಹರಿಸಿ, 108 ದಿನ ಕಾಡಿನಲ್ಲಿಟ್ಟುಕೊಂಡ ವೀರಪ್ಪನ್ ಹುಟ್ಟಿದ್ದು ಇದೇ ಗೋಪಿನಾಥಂನಲ್ಲಿ. ನಮ್ಮ ವಿಷಯ ಆ ಕಥೆಯಲ್ಲ. ಆದರೆ ಆ ಕಾಡಿನಿಂದ ಬಂದ ಟೇಪುಗಳ ಹತ್ತಿರ ಮುಂದೆ ಒಮ್ಮೆ ನಿಲ್ಲಬೇಕಾಗುತ್ತದೆ.

ಬೆಳ್ಳಿಯ ಹರಳುಗಳು

ಫಿಲಂ ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬಳಿದ ಜೆಲಾಟಿನ್ ಲೇಪ. ಲೇಪದೊಳಗೆ ಬೆಳ್ಳಿಯ ಲವಣದ ಹರಳುಗಳು ಅಡ್ಡಾದಿಡ್ಡಿ ಚೆಲ್ಲಿಕೊಂಡಿರುತ್ತವೆ; ಒಂದೊಂದೂ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ಬೆಳಕು ತಾಗಿದ ಹರಳು ಲ್ಯಾಬಿನ ತೊಟ್ಟಿಯಲ್ಲಿ ಕಪ್ಪು ಬೆಳ್ಳಿಯಾಗಿ ನಿಲ್ಲುತ್ತದೆ, ತಾಗದ್ದು ತೊಳೆದುಹೋಗುತ್ತದೆ. ಕಲರ್ ಫಿಲಂನಲ್ಲಿ ಬೆಳ್ಳಿಯನ್ನೂ ತೆಗೆದುಬಿಡುತ್ತಾರೆ. ಅದರ ಸುತ್ತ ಕೂಡಿದ ಬಣ್ಣದ ಪುಟ್ಟ ಮೋಡವಷ್ಟೇ ಉಳಿಯುತ್ತದೆ. ಇಂಥ ಹರಳುಗಳು, ಮೋಡಗಳು ಒಂದರ ಮೇಲೊಂದು ಬಿದ್ದು ಗುಂಪುಗೂಡಿದಾಗ ನಮ್ಮ ಕಣ್ಣಿಗೆ ಗ್ರೇನ್ ಆಗುತ್ತದೆ.

ಹೀಗಾಗಿ ಗ್ರೇನ್ ಚಿತ್ರದ ಮೇಲೆ ಕೂತ ಧೂಳಲ್ಲ. ಚಿತ್ರ ಆಗಿರುವುದೇ ಅದರಿಂದ. ಅದನ್ನು ಒರೆಸಿದರೆ ಹಿಂದುಗಡೆ ಇನ್ನೊಂದು ಶುದ್ಧವಾದ ಚಿತ್ರ ಕಾದು ಕೂತಿರುವುದಿಲ್ಲ.

ಇನ್ನೊಂದು ಸಂಗತಿ ಮುಖ್ಯ. ಸೆಕೆಂಡಿಗೆ 24 ಫ್ರೇಮುಗಳು; ಪ್ರತಿ ಫ್ರೇಮೂ ಫಿಲಂನ ಬೇರೆ ತುಂಡು. ನಟ ಕಣ್ಣು ಮಿಟುಕಿಸದೆ ನಿಂತರೂ ಅವನ ಮುಖವನ್ನು ಕಟ್ಟುವ ಹರಳುಗಳು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಪೂರ್ತಿ ಬದಲಾಗುತ್ತವೆ. ನಮ್ಮ ಕಣ್ಣು ಇವನ್ನೆಲ್ಲ ಕೂಡಿಸಿ ಸರಾಸರಿ ಮಾಡಿಕೊಳ್ಳುತ್ತದೆ. ಅದಕ್ಕೇ ಫಿಲಂನ ಒಂದೇ ಫ್ರೇಮನ್ನು ನಿಲ್ಲಿಸಿ ನೋಡಿದರೆ ಒರಟು, ಓಡಿಸಿದರೆ ಜೀವಂತ.

ಬೆಳಕು ಕಡಿಮೆ ಇದ್ದಾಗ ಬಳಸುವ ವೇಗದ ಫಿಲಂನಲ್ಲಿ ಹರಳುಗಳು ದೊಡ್ಡವು, ಗ್ರೇನ್ ದಪ್ಪ. ನೆಗೆಟಿವ್‌ನಿಂದ ಕಾಪಿ, ಕಾಪಿಯಿಂದ ಮತ್ತೊಂದು ನೆಗೆಟಿವ್, ಅದರಿಂದ ಪ್ರಿಂಟ್ ಎಂದು ಇಳಿದಂತೆಲ್ಲ ಗ್ರೇನಿನ ಮೇಲೆ ಗ್ರೇನ್ ಸೇರುತ್ತದೆ. ಹಳೆಯ ಚಿತ್ರವೊಂದರ ಒಳ್ಳೆಯ ಸ್ಕ್ಯಾನ್ ಸಿಕ್ಕರೆ ಹೀಗೆ ಮಾಡಿ ನೋಡಿ: ಒಂದು ದೃಶ್ಯ ಕರಗಿ ಇನ್ನೊಂದಾಗುವ ಜಾಗಕ್ಕೆ ಹೋಗಿ. ಕರಗುವಿಕೆ ಶುರುವಾಗುವ ಫ್ರೇಮಿನಲ್ಲೇ ಗ್ರೇನ್ ಥಟ್ಟನೆ ದಪ್ಪವಾಗುತ್ತದೆ. ಆ ತುಂಡನ್ನು ಲ್ಯಾಬಿನಲ್ಲಿ ಮರುನಕಲು ಮಾಡಿ ಅಂಟಿಸುತ್ತಿದ್ದರು. ಚಿತ್ರದ ಮೇಲೆ ಹೆಸರುಗಳು ಮೂಡುವ ಟೈಟಲ್ ಭಾಗದಲ್ಲೂ ಹೀಗೆಯೇ. ಯಾವ ಟ್ರಿಕ್ಕನ್ನು ಎಲ್ಲಿ ಮಾಡಿದ್ದಾರೆ ಎಂದು ಗ್ರೇನ್ ಚಾಡಿ ಹೇಳುತ್ತದೆ.

ಚಾಮರಾಜನಗರ ಜಿಲ್ಲೆಯಿಂದ ಬಂಡೀಪುರ ಹಾದು ಊಟಿಗೆ ಹೋದರೆ ಅಲ್ಲೊಂದು ಫಿಲಂ ಕಾರ್ಖಾನೆಯೇ ಇತ್ತು. 1960ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೊ ಫಿಲಂಸ್. ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲಂ ಅಲ್ಲಿಂದ ಸ್ಟುಡಿಯೊಗಳಿಗೂ ಎಕ್ಸ್‌ರೇ ಕೋಣೆಗಳಿಗೂ ಹೋಗುತ್ತಿತ್ತು. ಡಿಜಿಟಲ್ ಬಂದ ಮೇಲೆ ಅದರ ಕಥೆ ಮುಗಿಯಿತು. ಜಪಾನಿನ ಫ್ಯೂಜಿಯೇ 2013ರಲ್ಲಿ ಸಿನಿಮಾ ಶೂಟಿಂಗ್ ಫಿಲಂ ತಯಾರಿಕೆ ನಿಲ್ಲಿಸಿದ ಮೇಲೆ ಊಟಿಯದ್ದೇನು ಲೆಕ್ಕ?

ಕ್ಯಾಲೆಂಡರಿನ ಮೇಲಿನ ಹಾಲು

ಈಗ ಫೋನಿನ ಕಡೆಗೆ ಬರೋಣ. ಫುಲ್ ಎಚ್‌ಡಿ ಚಿತ್ರದ ಒಂದು ಸೆಕೆಂಡನ್ನು ಏನೂ ಕುಗ್ಗಿಸದೆ ಕಳಿಸಬೇಕಾದರೆ ಸುಮಾರು 60 ಕೋಟಿ ಬಿಟ್ ಬೇಕು. ನಮ್ಮ ಫೋನಿಗೆ ನೆಟ್‌ವರ್ಕ್ ಚೆನ್ನಾಗಿದ್ದಾಗ ಬರುವುದು ಅರ್ಧ ಕೋಟಿ ಬಿಟ್. ನೂರಿಪ್ಪತ್ತರಲ್ಲಿ ಒಂದು ಪಾಲು. ಉಳಿದ 119 ಪಾಲನ್ನು ಕಿತ್ತುಹಾಕಿಯೂ ಚಿತ್ರ ಚಿತ್ರದಂತೆಯೇ ಕಾಣುವಂತೆ ಮಾಡುವ ತಂತ್ರಾಂಶಕ್ಕೆ ಎನ್‌ಕೋಡರ್ ಎಂದು ಹೆಸರು.

ಅದರ ಮೊದಲ ಉಪಾಯ ನಮ್ಮ ಅಡುಗೆಮನೆಯ ಹಾಲಿನ ಲೆಕ್ಕದ್ದೇ. ದಿನಾ ಅರ್ಧ ಲೀಟರು ಎಂದು ಒಮ್ಮೆ ಗೊತ್ತಾದರೆ ಕ್ಯಾಲೆಂಡರಿನಲ್ಲಿ ದಿನಾ ಬರೆಯುವುದಿಲ್ಲ. ನೆಂಟರು ಬಂದ ದಿನ ಒಂದು ಲೀಟರು, ಊರಿಗೆ ಹೋದ ದಿನ ಇಲ್ಲ, ಹೀಗೆ ಬದಲಾದದ್ದನ್ನಷ್ಟೇ ಗುರುತು ಹಾಕುತ್ತೇವೆ. ಎನ್‌ಕೋಡರ್ ಕೂಡ ಒಂದು ಫ್ರೇಮನ್ನು ಪೂರ್ತಿ ಬರೆದು, ಮುಂದಿನ ಫ್ರೇಮುಗಳಿಗೆ ‘ಹಿಂದಿನಂತೆಯೇ, ಆದರೆ ಕೈ ಇಷ್ಟು ಎಡಕ್ಕೆ’ ಎಂದು ಬದಲಾವಣೆಯನ್ನು ಮಾತ್ರ ಬರೆದುಕೊಳ್ಳುತ್ತದೆ. ಸೀರಿಯಲ್ಲಿನ ಡ್ರಾಯಿಂಗ್ ರೂಮಿಗೆ ಇದು ಹೇಳಿ ಮಾಡಿಸಿದ ಉಪಾಯ.

ಗ್ರೇನ್ ಇದ್ದರೆ? ಪ್ರತಿ ದಿನವೂ ಹಾಲಿನ ಅಳತೆ ಬೇರೆ. ಯಾವ ಫ್ರೇಮೂ ಹಿಂದಿನಂತಿಲ್ಲ, ಯಾವ ಚುಕ್ಕಿಯೂ ನಿಂತ ಕಡೆ ನಿಂತಿಲ್ಲ, ಮುಂದಿನದನ್ನು ಊಹಿಸಲು ಯಾವ ಕ್ರಮವೂ ಇಲ್ಲ. ಕ್ಯಾಲೆಂಡರ್ ತುಂಬಿಹೋಗುತ್ತದೆ. ಇಡೀ ದೃಶ್ಯದಲ್ಲಿ ಎನ್‌ಕೋಡರ್‌ಗೆ ಅತ್ಯಂತ ದುಬಾರಿ ಸರಕು ಇದೇ. ನಾಯಕನಲ್ಲ, ನಾಯಕಿಯಲ್ಲ, ಅವರ ಹಿಂದಿನ ಖಾಲಿ ಗೋಡೆಯ ಮೇಲಿನ ಮರಳು.

ಬೆಂಗಳೂರಿನಲ್ಲಿ ಹುಟ್ಟಿದವರ ಸೂತ್ರ

ಎರಡನೆಯ ಉಪಾಯದ ಕರ್ತೃ ನಮ್ಮವರು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್. 1972ರಲ್ಲಿ ಅವರು ಒಂದು ಗಣಿತದ ಆಲೋಚನೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನ ಕೇಳಿದರು. ಸಿಗಲಿಲ್ಲ. ಆಲೋಚನೆ ತೀರಾ ಸರಳವಾಯಿತು ಎಂಬುದು ಪರಿಶೀಲಕರೊಬ್ಬರ ತಕರಾರು. ಅನುದಾನವಿಲ್ಲದೆಯೇ ಕೆಲಸ ಮುಗಿಸಿ, ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ.ಆರ್. ರಾವ್ ಜೊತೆಗೂಡಿ 1974ರ ಜನವರಿಯಲ್ಲಿ ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಗಿಡ್ಡದಾಗಿ ಡಿಸಿಟಿ. ಫೋನಿನಲ್ಲಿ ತೆಗೆಯುವ ಜೆಪೆಗ್ ಫೋಟೊ, ಡಿವಿಡಿ, ಯೂಟ್ಯೂಬ್, ವಾಟ್ಸ್‌ಆ್ಯಪ್ ವಿಡಿಯೊ, ಎಲ್ಲದರ ಹೊಟ್ಟೆಯಲ್ಲೂ ಇಂದು ಅದೋ ಅದರ ಸಂತತಿಯೋ ಇದೆ.

ಅದು ಮಾಡುವುದಿಷ್ಟು. ಚಿತ್ರವನ್ನು ಪುಟ್ಟ ಚೌಕಗಳಾಗಿ, ಹಳೆಯ ಪದ್ಧತಿಯಲ್ಲಿ ಎಂಟಕ್ಕೆ ಎಂಟು ಚುಕ್ಕಿಗಳಂತೆ, ಕತ್ತರಿಸುತ್ತದೆ. ಚೌಕದ 64 ಚುಕ್ಕಿಗಳ ಬದಲು 64 ಅಲೆಗಳ ಪಟ್ಟಿ ಕೊಡುತ್ತದೆ: ಇಷ್ಟು ಭಾಗ ನಿಧಾನವಾಗಿ ಏರಿಳಿಯುವ ಬೆಳಕು, ಇಷ್ಟು ಭಾಗ ಸ್ವಲ್ಪ ಚುರುಕು, ಕೊನೆಗೆ ಚುಕ್ಕಿಯಿಂದ ಚುಕ್ಕಿಗೆ ಜಿಗಿಯುವ ಅತಿ ಸೂಕ್ಷ್ಮ ಏರಿಳಿತ. ಸಾಮಾನ್ಯ ಚಿತ್ರದಲ್ಲಿ ಸರಕೆಲ್ಲ ಮೊದಲ ಕೆಲವು ಅಲೆಗಳಲ್ಲೇ ಇರುತ್ತದೆ. ಕೊನೆಯವು ಸಣ್ಣ ಸಂಖ್ಯೆಗಳು. ಎನ್‌ಕೋಡರ್ ಎಲ್ಲವನ್ನೂ ಒಂದು ಸಂಖ್ಯೆಯಿಂದ ಭಾಗಿಸಿ, ಹತ್ತಿರದ ಪೂರ್ಣಾಂಕಕ್ಕೆ ತರುತ್ತದೆ. ಸಣ್ಣವೆಲ್ಲ ಸೊನ್ನೆ. ಸೊನ್ನೆ ಬರೆಯಲು ಖರ್ಚೇ ಇಲ್ಲ.

ಗ್ರೇನಿನ ವಾಸ ಹೆಚ್ಚಾಗಿ ಆ ಕೊನೆಯ ಮನೆಗಳಲ್ಲಿ. ಸಿಗ್ನಲ್ ಕುಸಿದಾಗ ಭಾಜಕ ದೊಡ್ಡದಾಗುತ್ತದೆ, ಸೊನ್ನೆಗಳು ಹೆಚ್ಚುತ್ತವೆ, ಕೊನೆಗೆ ಚೌಕಕ್ಕೊಂದೇ ಬೆಳಕು ಉಳಿಯುತ್ತದೆ. ನೆರಳಿನಲ್ಲಿ ಕದಲುವ ಚೌಕಗಳು ಬರುವುದು ಹೀಗೆ.

ಗ್ರೇನ್ ಹೋದ ಮೇಲೆ ಇನ್ನೊಂದು ನಷ್ಟವೂ ಇದೆ, ಬಹಳ ಜನ ಗಮನಿಸುವುದಿಲ್ಲ. ಸಂಜೆಯ ಆಕಾಶದಲ್ಲಿ ಕೇಸರಿಯಿಂದ ನೀಲಿಗೆ ಬಣ್ಣ ಮೆಲ್ಲಗೆ ಇಳಿಯಬೇಕಾದಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತದಲ್ಲ? ಬಣ್ಣ ಇಳಿಯುವ ಆ ಮೆಟ್ಟಿಲುಗಳ ಅಂಚನ್ನು ಕಣ್ಣಿಗೆ ಬೀಳದಂತೆ ಮುಚ್ಚುತ್ತಿದ್ದುದು ಆ ಮರಳೇ. ಅದನ್ನು ಗುಡಿಸಿದ್ದರಿಂದ ಅಂಚು ಹೊರಬಿತ್ತು.

ಖಾಲಿ ಬಿಟ್ಟವನಿಗೇ ಹೆಚ್ಚು ಅಂಕ

ಎನ್‌ಕೋಡರ್ ಗ್ರೇನನ್ನು ದುಬಾರಿ ಎಂದು ಮಾತ್ರ ಬಿಡುವುದಿಲ್ಲ. ಬಿಟ್ಟರೆ ಅದಕ್ಕೆ ಅಂಕವೂ ಹೆಚ್ಚು. ಗುಣಮಟ್ಟ ಅಳೆಯುವ ಹಳೆಯ ಮಾಪನ ಮೂಲಕ್ಕೂ ನಕಲಿಗೂ ಇರುವ ವ್ಯತ್ಯಾಸದ ವರ್ಗವನ್ನು ಲೆಕ್ಕ ಹಾಕುತ್ತದೆ. ಒಂದು ಚುಕ್ಕಿಯಲ್ಲಿ ಗ್ರೇನ್ ಬೆಳಕನ್ನು 5ರಷ್ಟು ಏರಿಸಿದೆ ಎನ್ನೋಣ. ಎನ್‌ಕೋಡರ್ ಅಲ್ಲಿ ಸಪಾಟು ಬಿಟ್ಟರೆ ತಪ್ಪು 5, ವರ್ಗ 25. ಬದಲಿಗೆ ಅಷ್ಟೇ ಒರಟಾದ ಆದರೆ ಬೇರೆ ಗ್ರೇನ್ ಹಾಕಿದರೆ? ಅರ್ಧ ಸಲ ಅದೃಷ್ಟವಶಾತ್ 5 ಏರಿ ತಪ್ಪು ಸೊನ್ನೆ. ಇನ್ನರ್ಧ ಸಲ 5 ಇಳಿದು ತಪ್ಪು 10, ವರ್ಗ 100. ಸರಾಸರಿ 50. ಮೂಲದಂತೆಯೇ ಕಾಣುವ ಚಿತ್ರಕ್ಕೆ ಸಪಾಟು ಚಿತ್ರದ ಎರಡರಷ್ಟು ತಪ್ಪು! ಇಂಥ ಪರೀಕ್ಷೆಗೆ ತಯಾರಾದ ಎನ್‌ಕೋಡರ್ ಮುಖಗಳನ್ನು ನುಣುಪು ಮಾಡದೆ ಇನ್ನೇನು ಮಾಡೀತು?

ವಿಎಲ್‌ಸಿ ಪ್ಲೇಯರ್ ಕೊಟ್ಟ ವಿಡಿಯೊಲ್ಯಾನ್ ಬಳಗದ ಎಕ್ಸ್264 ಎಂಬ ಉಚಿತ ಎನ್‌ಕೋಡರ್ ಈ ಲೆಕ್ಕವನ್ನು ಬದಲಿಸಿತು. ವ್ಯತ್ಯಾಸ ಎಷ್ಟಿದೆ ಎಂಬುದರ ಜೊತೆಗೆ, ಮೂಲದಲ್ಲಿ ಎಷ್ಟು ಒರಟುತನವಿತ್ತೋ ನಕಲಿನಲ್ಲೂ ಅಷ್ಟಿದೆಯೇ ಎಂದೂ ಅದು ಕೇಳಿಕೊಳ್ಳುತ್ತದೆ. ಮನುಷ್ಯರ ಕಣ್ಣು ಯಾವ ಚುಕ್ಕಿ ಎಲ್ಲಿತ್ತು ಎಂದು ನೆನಪಿಡುವುದಿಲ್ಲ. ಒರಟುತನ ಮಾಯವಾದರೆ ಮಾತ್ರ ತಕ್ಷಣ ಗುರುತಿಸುತ್ತದೆ. ನನ್ನ ಎಣಿಕೆಯಲ್ಲಿ ಚಿತ್ರ ಕುಗ್ಗಿಸುವ ಕಲೆಯಲ್ಲಿ ಈ ತಿಳಿವಳಿಕೆ ಯಾವ ಹೊಸ ಸೂತ್ರಕ್ಕಿಂತಲೂ ದೊಡ್ಡದು.

ಒಂದೊಂದು ಎನ್‌ಕೋಡರ್, ಒಂದೊಂದು ಗುಣ

ವಿಸಿಡಿ ಕಾಲದಲ್ಲಿ ಗ್ರೇನಿನ ಮಾತೇ ಇರಲಿಲ್ಲ. 352ಕ್ಕೆ 288 ಚುಕ್ಕಿಗಳಲ್ಲಿ ಮೂಗು ಕಂಡರೆ ಸಾಕಿತ್ತು. ಡಿವಿಡಿಯಲ್ಲಿ ಜಾಗವಿತ್ತು, ಆದರೆ ನಮ್ಮ ಬಜಾರಿನಲ್ಲಿ ‘3 ಇನ್ 1’ ಎಂದು ಒಂದೇ ತಟ್ಟೆಗೆ ಮೂರು ಸಿನಿಮಾ ತುರುಕಿದರು. ಇಂದು ಯೂಟ್ಯೂಬಿನಲ್ಲಿ ಕಾಣುವ ಹಳೆಯ ಕನ್ನಡ ಚಿತ್ರಗಳಲ್ಲಿ ಎಷ್ಟೋ ಆ ತಟ್ಟೆಗಳಿಂದಲೋ ಟಿ.ವಿ.ಗೆಂದು ಮಾಡಿದ ಟೇಪುಗಳಿಂದಲೋ ಎತ್ತಿದವು. ಅವನ್ನು ಹಿಗ್ಗಿಸಿ ‘ಎಚ್‌ಡಿ’ ಎಂದು ಏರಿಸಿದಾಗ ಯೂಟ್ಯೂಬ್ ತನ್ನ ಪಾಲಿನದನ್ನು ಮತ್ತೊಮ್ಮೆ ಕುಗ್ಗಿಸುತ್ತದೆ. 1080 ಎಂದು ಬರೆದಿರುವುದು ಡಬ್ಬಿಯ ಅಳತೆ, ಒಳಗಿನ ಸರಕಿನದಲ್ಲ.

2003ರಲ್ಲಿ ಬಂದ ಎಚ್.264 ಎಂಬ ಕುಗ್ಗಿಸುವ ಪದ್ಧತಿ ಇಂದಿಗೂ ಎಲ್ಲೆಲ್ಲೂ ಓಡುವ ಕುದುರೆ; ಎಕ್ಸ್264 ಅದರ ಎನ್‌ಕೋಡರ್. ಕಪ್ಪು-ಬಿಳುಪು ಚಿತ್ರದ ಒಂದು ತುಣುಕನ್ನು ಎಕ್ಸ್264ಗೆ ಬಿಗಿಯಾದ ಗಾತ್ರದಲ್ಲಿ, ಏನೂ ಹೊಂದಿಸದೆ ಕೊಟ್ಟು ನೋಡಿದರೆ ವಿಚಿತ್ರವೊಂದು ಕಾಣುತ್ತದೆ. ಪೂರ್ತಿಯಾಗಿ ಬರೆದ ಮೊದಲ ಫ್ರೇಮಿನಲ್ಲಿ ಗ್ರೇನ್ ಇದೆ. ಮುಂದಿನ ಫ್ರೇಮುಗಳಲ್ಲಿ ಅದು ತೆಳುವಾಗುತ್ತ ಮಾಯ. ಮತ್ತೆ ಪೂರ್ತಿ ಫ್ರೇಮು ಬಂದಾಗ, ಅಂದರೆ ದೃಶ್ಯ ಬದಲಾಗದಿದ್ದರೆ ಸುಮಾರು 10 ಸೆಕೆಂಡಿಗೊಮ್ಮೆ, ಗೋಡೆಯ ಮೇಲೆ ಮರಳು ಥಟ್ಟನೆ ಪ್ರತ್ಯಕ್ಷ. ಇನ್ನು ಕೆಲವು ಕಡೆ ಗ್ರೇನ್ ಹೆಪ್ಪುಗಟ್ಟಿ ನಿಂತುಬಿಡುತ್ತದೆ; ನಟ ಅದರ ಹಿಂದಿನಿಂದ ನಡೆದುಹೋಗುತ್ತಾನೆ, ಕಲೆಯಾದ ಗಾಜಿನ ಆಚೆಗೆ ಇದ್ದ ಹಾಗೆ. ಒಮ್ಮೆ ಕಂಡರೆ ಮತ್ತೆ ಕಾಣದಿರುವುದು ಕಷ್ಟ, ಎಚ್ಚರಿಸಿದ್ದೇನೆ.

ಇದಕ್ಕೆ ಎಕ್ಸ್264ರಲ್ಲಿ ‘ಟ್ಯೂನ್ ಫಿಲ್ಮ್’, ‘ಟ್ಯೂನ್ ಗ್ರೇನ್’ ಎಂಬ ಹೊಂದಿಕೆಗಳಿವೆ. ಎರಡೂ ಚೌಕಗಳ ಅಂಚನ್ನು ಸವರುವ ಶೋಧಕದ ಕೈಯನ್ನು ಹಗುರ ಮಾಡುತ್ತವೆ. ಎರಡನೆಯದು ಇನ್ನೂ ಮುಂದೆ ಹೋಗಿ, ಸಣ್ಣ ಸಂಖ್ಯೆಗಳನ್ನು ಅಷ್ಟು ಸುಲಭವಾಗಿ ಸೊನ್ನೆಯಾಗಲು ಬಿಡುವುದಿಲ್ಲ. ಫೈಲಿನ ಗಾತ್ರ ದುಪ್ಪಟ್ಟಾದರೂ ಆಶ್ಚರ್ಯಪಡಬೇಕಿಲ್ಲ. ಸಾಮಾನ್ಯ ಚಿತ್ರಗಳಿಗೆ ಮೊದಲನೆಯದು ಸಾಕು.

2013ರ ಎಚ್.265 ಅರ್ಧ ಗಾತ್ರದಲ್ಲಿ ಅದೇ ಗುಣಮಟ್ಟ ಎಂಬ ಘೋಷಣೆಯೊಂದಿಗೆ ಬಂತು. ಇದರ ಹೆಸರಾಂತ ಎನ್‌ಕೋಡರ್ ಎಕ್ಸ್265ನಲ್ಲಿ ಚೆನ್ನೈನ ಎಂಜಿನಿಯರುಗಳ ದುಡಿಮೆ ದೊಡ್ಡದು. ಆದರೆ ಅಂಚು ತಿದ್ದುವ ಅದರ ಹೆಚ್ಚುವರಿ ಶೋಧಕ ಗ್ರೇನಿಗೆ ಶತ್ರು. ಫಿಲಂ ಪ್ರಿಯರು ಮೊದಲು ಆಫ್ ಮಾಡುವ ಸ್ವಿಚ್ಚೇ ಅದು. ಅರ್ಧ ಗಾತ್ರದ ಮಾತು ಡಿಜಿಟಲ್ ಕ್ಯಾಮೆರಾದ ಶುಭ್ರ ಚಿತ್ರಕ್ಕೆ ನಿಜ; ದಪ್ಪ ಗ್ರೇನಿನ ಚಿತ್ರದಲ್ಲಿ ಆ ಉಳಿತಾಯ ಬಹಳಷ್ಟು ಕರಗಿಹೋಗುತ್ತದೆ. ಮರಳನ್ನು ಮರಳಾಗಿಯೇ ಉಳಿಸಬೇಕೆಂದರೆ ಯಾವ ಜಾಣತನವೂ ಬಿಟ್ಟಿ ಬರುವುದಿಲ್ಲ.

ತೆಗೆದು, ಅಳೆದು, ಮತ್ತೆ ಹಾಕುವುದು

2018ರಲ್ಲಿ ಬಂದ ಎವಿ1 ಈ ಜಗಳಕ್ಕೇ ಕೈಹಾಕಲಿಲ್ಲ. ಗ್ರೇನನ್ನು ಕಳಿಸುವುದೇ ಬೇಡ, ಅದರ ಪಾಕವಿಧಾನ ಕಳಿಸೋಣ ಎಂದಿತು. ಗೂಗಲ್, ನೆಟ್‌ಫ್ಲಿಕ್ಸ್ ಮುಂತಾದ ಕಂಪನಿಗಳು ಕೂಡಿ ಕಟ್ಟಿದ ಪದ್ಧತಿ ಇದು. ಗ್ರೇನಿನ ಭಾಗವನ್ನು ರೂಪಿಸಿದವರು ನೆಟ್‌ಫ್ಲಿಕ್ಸ್‌ನ ಆಂಡ್ರೆ ನಾರ್ಕಿನ್ ಮತ್ತು ಗೂಗಲ್‌ನ ನೀಲ್ ಬರ್ಕ್‌ಬೆಕ್.

ಮೊದಲು ಚಿತ್ರದಿಂದ ಗ್ರೇನನ್ನು ಸೋಸಿ ತೆಗೆಯುತ್ತಾರೆ. ತೆಗೆದದ್ದನ್ನು ಎಸೆಯುವ ಮುನ್ನ ಅಳೆಯುತ್ತಾರೆ. ಒಂದು ಚುಕ್ಕಿ ಪಕ್ಕದ ಚುಕ್ಕಿಯನ್ನು ಎಷ್ಟು ಹೋಲುತ್ತದೆ? ಕತ್ತಲಲ್ಲಿ ಎಷ್ಟು ದಪ್ಪ, ಬೆಳಕಿನಲ್ಲಿ ಎಷ್ಟು? ಉತ್ತರವೆಲ್ಲ ಕೆಲವು ಡಜನ್ ಸಂಖ್ಯೆಗಳಲ್ಲಿ ಮುಗಿಯುತ್ತದೆ. ಶುಭ್ರ ಚಿತ್ರದ ಜೊತೆ ಆ ಸಂಖ್ಯೆಗಳು ಮಾತ್ರ ಫೋನಿಗೆ ಬರುತ್ತವೆ. ಫೋನು ಅವುಗಳಿಂದ 64ಕ್ಕೆ 64 ಚುಕ್ಕಿಗಳ ಒಂದು ಗ್ರೇನ್ ತುಂಡನ್ನು ತಯಾರಿಸಿ, ಅದರಿಂದ ಅಲ್ಲೊಂದು ಇಲ್ಲೊಂದು ಚೌಕ ಆರಿಸಿ, ಚಿತ್ರದ ಮೇಲೆ ಹರಡುತ್ತದೆ. ಚುಕ್ಕಿಗಳನ್ನು ಹುಟ್ಟಿಸುವ ಬೀಜಸಂಖ್ಯೆ ಎಲ್ಲ ಫೋನಿಗೂ ಒಂದೇ ಆದ್ದರಿಂದ ಯಾವ ಊರಿನ ಯಾವ ಫೋನಿನಲ್ಲಾದರೂ ಬೀಳುವ ಮರಳು ಒಂದೇ. ಗ್ರೇನ್ ಹಾಕುವ ಈ ಕೆಲಸ ಎವಿ1 ಆಡಿಸುವ ಸಾಧನಕ್ಕೆ ಐಚ್ಛಿಕವಲ್ಲ, ಕಡ್ಡಾಯ. ಹಿಂದೆ ಎಚ್.264ಗೂ ಇಂಥದೊಂದು ಏರ್ಪಾಡಿತ್ತು. ಅದನ್ನು ನೆಚ್ಚಿದ್ದ ಎಚ್‌ಡಿ ಡಿವಿಡಿ 2008ರಲ್ಲಿ ಮಾರುಕಟ್ಟೆಯಿಂದಲೇ ಹೊರಬಿತ್ತು.

ಉಳಿತಾಯ ಸಣ್ಣದಲ್ಲ. 2025ರಲ್ಲಿ ನೆಟ್‌ಫ್ಲಿಕ್ಸ್ ಈ ಪದ್ಧತಿಯನ್ನು ವ್ಯಾಪಕವಾಗಿ ಜಾರಿಗೆ ತಂದಾಗ ಕೊಟ್ಟ ಉದಾಹರಣೆ ‘ದೇ ಕ್ಲೋನ್ಡ್ ಟೈರೋನ್’ ಎಂಬ ಗ್ರೇನ್ ತುಂಬಿದ ಚಿತ್ರದ್ದು. ಸೆಕೆಂಡಿಗೆ 8 ಮೆಗಾಬಿಟ್‌ಗೂ ಹೆಚ್ಚು ಬೇಡುತ್ತಿದ್ದದ್ದು 3ಕ್ಕಿಂತ ಕಡಿಮೆಗೆ ಇಳಿಯಿತು. ಪಾಲಾರ್ ಚೆಕ್‌ಪೋಸ್ಟಿನ ಆಚೆಗೆ ಕೂತು ನೋಡುವವನಿಗೆ ಚಿತ್ರ ಓಡುತ್ತದೋ ನಿಲ್ಲುತ್ತದೋ ಎಂಬುದನ್ನು ತೀರ್ಮಾನಿಸುವ ವ್ಯತ್ಯಾಸ ಅದು.

ಇದು ಮೋಸವಲ್ಲವೇ? ಪರದೆಯ ಮೇಲೆ ಬಿದ್ದದ್ದು 1973ರಲ್ಲಿ ಬೆಳಕು ಕಂಡ ಹರಳಲ್ಲ, ಫೋನು ಈಗ ಹುಟ್ಟಿಸಿದ ಚುಕ್ಕಿ. ನನಗೆ ಇದರಲ್ಲಿ ದೊಡ್ಡ ತಕರಾರಿಲ್ಲ. ಮೂಲ ಹರಳಂತೂ ಆ ದಾರಿಯಲ್ಲಿ ಬದುಕಿ ಬರುತ್ತಿರಲಿಲ್ಲ. ತಕರಾರಿರುವುದು ಮೊದಲ ಹೆಜ್ಜೆಯ ಬಗ್ಗೆ. ಸೋಸುವ ಯಂತ್ರಕ್ಕೆ ಗ್ರೇನ್ ಯಾವುದು, ಕೆನ್ನೆಯ ರಂಧ್ರ ಯಾವುದು, ಖಾದಿಯ ನೇಯ್ಗೆ ಯಾವುದು, ಜಿಟಿಜಿಟಿ ಮಳೆ ಯಾವುದು ಎಂದು ನಿಖರವಾಗಿ ಗೊತ್ತಾಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಸವರುತ್ತದೆ. ಮತ್ತೆ ಬರುವುದು ಗ್ರೇನ್ ಮಾತ್ರ, ನೇಯ್ಗೆ ಬರುವುದಿಲ್ಲ. ನುಣುಪು ಕೆನ್ನೆಯ ಮೇಲೆ ಒರಟು ಮರಳು: ಜಾಗರೂಕರಾಗಿ ಮಾಡದಿದ್ದರೆ ಫಲಿತಾಂಶ ಹೀಗಿರುತ್ತದೆ. ಎಸ್‌ವಿಟಿ-ಎವಿ1 ಎಂಬ ಉಚಿತ ಎನ್‌ಕೋಡರಿನಲ್ಲಿ ಗ್ರೇನಿನ ಮಟ್ಟವನ್ನು 0ಯಿಂದ 50ರವರೆಗೆ ಇಡಬಹುದು. ಮೂಲವನ್ನು ಸೋಸದೆ ಗ್ರೇನ್ ಮಾತ್ರ ಸೇರಿಸು ಎಂದೂ ಹೇಳಬಹುದು. ಹವ್ಯಾಸಿಗಳಲ್ಲಿ ಅನೇಕರ ಒಲವು ಆ ಎರಡನೆಯ ದಾರಿಗೆ.

 

ಗೋಪಿನಾಥಂ ಕಾಡಿನ ಟೇಪುಗಳು

ಸಿನಿಮಾದ ಗ್ರೇನಿಗೆ ಅನ್ವಯಿಸುವ ನ್ಯಾಯ ದಾಖಲೆಯ ಚಿತ್ರಗಳಿಗೆ ಅನ್ವಯಿಸುವುದಿಲ್ಲ. ವೀರಪ್ಪನ್‌ನ ದಪ್ಪ ಮೀಸೆ, ಹಸಿರು ಸಮವಸ್ತ್ರ, ಬಂದೂಕು ನಾಡಿಗೆಲ್ಲ ಪರಿಚಯವಾದದ್ದು ತಮಿಳಿನ ‘ನಕ್ಕೀರನ್’ ಪತ್ರಿಕೆಯವರು 90ರ ದಶಕದಲ್ಲಿ ಕಾಡಿಗೆ ಹೋಗಿ ತಂದ ಫೋಟೊ, ವಿಡಿಯೊಗಳಿಂದ. 2023ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಸೆಲ್ವಮಣಿ ಸೆಲ್ವರಾಜ್ ಅವರ ನಾಲ್ಕು ಕಂತಿನ ‘ದ ಹಂಟ್ ಫಾರ್ ವೀರಪ್ಪನ್’ ಸಾಕ್ಷ್ಯಚಿತ್ರದಲ್ಲಿ ಇಂದಿನ ಕ್ಯಾಮೆರಾದ ಕಾಡು ಮತ್ತು ಆ ಕಾಲದ ಟೇಪಿನ ಕಾಡು ಅಕ್ಕಪಕ್ಕದಲ್ಲೇ ಬರುತ್ತವೆ. ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ.

ಟೇಪಿನಲ್ಲಿ ಕುದಿಯುವ ಚುಕ್ಕಿಗಳು ಗ್ರೇನ್ ಅಲ್ಲ, ಅಲ್ಲಿ ಬೆಳ್ಳಿಯಿಲ್ಲ. ಮರದಡಿಯ ಮಬ್ಬಿನಲ್ಲಿ ಕ್ಯಾಮೆರಾ ತನ್ನ ವಿದ್ಯುತ್ ಸಂಕೇತವನ್ನು ಎಳೆದು ದೊಡ್ಡದು ಮಾಡುವಾಗ ಹುಟ್ಟುವ ಗದ್ದಲ ಅದು. ಎನ್‌ಕೋಡರಿಗೆ ಎರಡೂ ಒಂದೇ ಬಗೆಯ ಶನಿ. ಆದರೆ ನೋಡುವವನಿಗೆ ಒಂದಲ್ಲ. ಸಿನಿಮಾದ ಗ್ರೇನ್ ಛಾಯಾಗ್ರಾಹಕ ಆರಿಸಿಕೊಂಡ ಫಿಲಂನದು. ಟೇಪಿನ ಗದ್ದಲ ಆ ಹೊತ್ತು, ಆ ಬೆಳಕು, ಆ ಉಪಕರಣದ್ದು. ಅದನ್ನು ‘ಚೆಂದ ಮಾಡುವ’ ಕೃತಕ ಬುದ್ಧಿಮತ್ತೆಯ ಸಾಧನಗಳು ಈಗ ಅಗ್ಗವಾಗಿ ಸಿಗುತ್ತವೆ. ಅವು ಮಸುಕಾದ ಮೀಸೆಗೆ ಒಂದೊಂದೇ ಕೂದಲನ್ನು ಬಿಡಿಸಿ ಕೂರಿಸುತ್ತವೆ. ಆ ಕೂದಲು ಟೇಪಿನಲ್ಲಿ ಇರಲಿಲ್ಲ. ಹಿಂದೆ ನಿಂತ ಮಬ್ಬು ಮುಖವೊಂದಕ್ಕೆ ಅವು ಹೊಸ ಕಣ್ಣು ಮೂಗು ಕೊಟ್ಟರೆ ಗತಿಯೇನು? ಮನರಂಜನೆಯಲ್ಲಿ ಕ್ಷಮಿಸಬಹುದಾದ್ದನ್ನು ಇಲ್ಲಿ ಕ್ಷಮಿಸಲಾಗದು. ಗೋಪಿನಾಥಂನ ಜನರ ನಡುವೆ ಓಡಾಡಿಕೊಂಡಿದ್ದು, 1991ರ ನವೆಂಬರ್ 10ರಂದು ವೀರಪ್ಪನ್‌ನಿಂದ ಹತ್ಯೆಯಾದ, ಮರಣೋತ್ತರ ಕೀರ್ತಿಚಕ್ರ ಪಡೆದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಮುಖವೂ ನಮಗೆ ಉಳಿದಿರುವುದು ಅದೇ ಕಾಲದ ಫಿಲಂ ಫೋಟೊಗಳಲ್ಲಿ. ಅವನ್ನು ಯಂತ್ರದ ಕೈಗೆ ಕೊಟ್ಟು ತಿದ್ದಿಸುವ ಮುಂಚೆ ಮೂಲವನ್ನು ಹಾಗೆಯೇ ಸ್ಕ್ಯಾನ್ ಮಾಡಿ ಎತ್ತಿಡುವುದು ಲೇಸು.

ಘಟಶ್ರಾದ್ಧದ ಗ್ರೇನ್

ಹಳೆಯ ಚಿತ್ರವನ್ನು ಹೊಸದು ಮಾಡುವುದರಲ್ಲಿ ನಾವು ಎರಡು ದಾರಿ ಹಿಡಿದಿದ್ದೇವೆ. ಒಂದು, 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಹಚ್ಚಿಕೊಂಡು ಬಂದ ದಾರಿ. ಜನ ಮುಗಿಬಿದ್ದು ನೋಡಿದರು, ಸಂತೋಷ. ಆದರೆ ಬಣ್ಣ ಬಳಿಯುವ ಕೆಲಸದಲ್ಲಿ ಗ್ರೇನ್ ಯಾವಾಗಲೂ ಅಡ್ಡಿ; ಅದನ್ನು ತಗ್ಗಿಸದೆ ಅಂಚುಗಳು ಕೂರುವುದಿಲ್ಲ.

ಇನ್ನೊಂದು, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಕಂಡ ದಾರಿ. 1977ರ ಸ್ವರ್ಣ ಕಮಲ ಪಡೆದ ಈ ಕಪ್ಪು-ಬಿಳುಪು ಚಿತ್ರವನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದ್ದ ಮೂಲ ನೆಗೆಟಿವ್‌ನಿಂದ 4ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಳಿಸಿದ್ದು ಮುಂಬೈನ ಫಿಲಂ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ಫಿಲಂ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್. ಕೆಲಸ ನಡೆದದ್ದು ಇಟಲಿಯ ಬೊಲೊನ್ಯಾದ ಲಿಮ್ಮಾಜಿನೆ ರಿತ್ರೊವಾತಾ ಪ್ರಯೋಗಾಲಯದಲ್ಲಿ. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ತೆರೆ ಕಂಡಿತು. ಇಂಥ ಪ್ರಯೋಗಾಲಯಗಳ ಕ್ರಮದಲ್ಲಿ ಗೀರು, ಹರಿದ ಜಾಗ, ಬೂಷ್ಟು, ಕಂಪನ ಇವೆಲ್ಲ ಕಾಲ ಮಾಡಿದ ಹಾನಿ, ತೆಗೆಯಬೇಕು. ಗ್ರೇನ್ ಹಾನಿಯಲ್ಲ, ಬಿಡಬೇಕು. ಎಸ್. ರಾಮಚಂದ್ರ ಅವರ ಕ್ಯಾಮೆರಾ ಅಗ್ರಹಾರದ ಕತ್ತಲನ್ನು ಹಿಡಿದ ಬಗೆ ಆ ಗ್ರೇನಿನಲ್ಲೇ ಇದೆ. ಅದನ್ನು ಸವರಿದರೆ ಕತ್ತಲು ಬರಿ ಕಪ್ಪು ಬಣ್ಣವಾಗುತ್ತದೆ.

ಈ ಎರಡು ದಾರಿಗಳ ನಡುವೆ ನನ್ನ ಪಕ್ಷ ಯಾವುದು ಎಂದು ಬೇರೆ ಹೇಳಬೇಕಿಲ್ಲ. ಬಟವಾಡೆಯಲ್ಲಿ ಗ್ರೇನ್ ಹೋಗಲಿ, ಬೇಕಾದರೆ ಕೃತಕವಾಗಿ ಬರಲಿ. ನಾಳೆ ಸಿಗ್ನಲ್ ಸುಧಾರಿಸಿದರೆ ಒಳ್ಳೆಯದನ್ನು ಮತ್ತೆ ಕಳಿಸಬಹುದು. ಮೂಲದ ಸ್ಕ್ಯಾನಿನಲ್ಲೇ ಅದನ್ನು ಒರೆಸಿ, ನೆಗೆಟಿವ್ ಇನ್ನೇಕೆ ಎಂದು ಗುಜರಿಗೆ ಹಾಕಿದರೆ ಮತ್ತೆ ಕಳಿಸಲು ಏನೂ ಇರುವುದಿಲ್ಲ. ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ನಮ್ಮಲ್ಲಿ ಉಳಿದಿಲ್ಲ.

ಹಳೆಯ ನೆಗೆಟಿವ್ ಇಟ್ಟುಕೊಂಡಿರುವ ನಿರ್ಮಾಪಕರ ಕುಟುಂಬಗಳಿಗೆ ಸ್ಕ್ಯಾನಿಂಗ್ ಕಂಪನಿಯವರು ಒಂದು ಪೆನ್‌ಡ್ರೈವ್ ಕೊಟ್ಟು ‘ಇದೇ ಮಾಸ್ಟರ್’ ಎಂದರೆ ನಂಬಬಾರದು. 4ಕೆ ಸ್ಕ್ಯಾನಿನ ಒಂದು ಫ್ರೇಮು ಸುಮಾರು 51 ಮೆಗಾಬೈಟ್. ಎರಡೂವರೆ ಗಂಟೆಯ ಸಿನಿಮಾಕ್ಕೆ 2,16,000 ಫ್ರೇಮು. ಒಟ್ಟು 11 ಟೆರಾಬೈಟ್. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಏನನ್ನೂ ಕಳೆದುಕೊಳ್ಳದ ಎಫ್‌ಎಫ್‌ವಿ1ನಂಥ ಪದ್ಧತಿಯಲ್ಲಿ ಕಟ್ಟಿಟ್ಟರೆ ಅದು ಇನ್ನಷ್ಟು ಇಳಿಯುತ್ತದೆ. ಬ್ಯಾಂಕುಗಳೂ ಸ್ಟುಡಿಯೊಗಳೂ ಬಳಸುವ ಎಲ್‌ಟಿಒ ಟೇಪಿನ ಎಂಟನೇ ಪೀಳಿಗೆಯ ಒಂದು ಕ್ಯಾಸೆಟ್ಟಿಗೆ 12 ಟೆರಾಬೈಟ್ ಹಿಡಿಸುತ್ತದೆ. ಒಂದು ಸಿನಿಮಾಕ್ಕೆ ಒಂದು ಕ್ಯಾಸೆಟ್, ಬೇರೆ ಊರಿನಲ್ಲಿ ಇಡಲು ಇನ್ನೊಂದು.